ಅರಸೀಕೆರೆ ಸ್ಟೇಷನ್ನಿನಲ್ಲಿ ನಾವು ಹಾಡಿದ ಯುದ್ಧದ ಹಾಡು

ಬೆಳಿಗ್ಗೆ ಪಕ್ಕದ ಮನೆಯ ಮೊಬೈಲಿನಲ್ಲಿ ಆ ಹಳೆಯ ಹಾಡು ಕೇಳಿ, ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಚೀನಾ ಯುದ್ಧದ ದಿನಗಳು. ಅರಸೀಕೆರೆಯಲ್ಲಿ ಎಲ್ಲರ ಬಾಯಲ್ಲೂ ರೇಡಿಯೋದ ಅದೇ ಹಾಡು. ಸೈನಿಕರ ರೈಲು ಬರುತ್ತದೆಂದು ನಮ್ಮ ಮೇಷ್ಟ್ರು ಹುಡುಗಿಯರನ್ನೆಲ್ಲ ಸ್ಟೇಷನ್ನಿಗೆ ಕರೆದೊಯ್ದರು. ಪ್ರಾಣ ಕೊಡುವ ಸಾಲು ಬಂದಾಗ ನಾವು ಕೈಯೆತ್ತಿ ಹಾಡಿದೆವು. ಪ್ಲಾಟ್‌ಫಾರಂ ತುಂಬ ಚಪ್ಪಾಳೆ. ಬೋಗಿಯೊಳಗೆ ಮಾತ್ರ ಯಾರೂ ಅಲುಗಲಿಲ್ಲ. ಹಿಮದ ನಾಡಿಗೆ ಹೊರಟವರ ಮೈಮೇಲೆ ಬರೀ ಹತ್ತಿಯ ಅಂಗಿಯಿತ್ತು.

ಒಂದು ಕಿಟಕಿಯಲ್ಲಿ ಹಗರೆಯ ರಂಗಣ್ಣ ಕಂಡ, ನನ್ನ ದೊಡ್ಡಮ್ಮನ ಮಗ.

“ಈ ಹಾಡು ಬ್ಯಾಡ ಕಣವ್ವ. ಅಜ್ಜಿ ರಾಗಿ ಬೀಸ್ತಾ ಹೇಳ್ತಿದ್ಲಲ್ಲ, ಆ ಪದ ಹೇಳು” ಎಂದ.

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಬೇಡವೆಂದು ತಲೆಯಾಡಿಸಿದರು. ಮತ್ತೆ ಅದೇ ಹಾಡು ಶುರುವಾಯಿತು. ರಂಗಣ್ಣ ಕಿಟಕಿ ಇಳಿಸಿದ. ರೈಲು ಹೊರಟಿತು. ಅವನು ಮರಳಿ ಬರಲಿಲ್ಲ, ದೊಡ್ಡಮ್ಮನಿಗೆ ಅವನ ಹೆಣವೂ ಸಿಗಲಿಲ್ಲ.

ಆ ಯುದ್ಧದ ಮಾತು ಬಂದರೆ ಊರಿನ ಹಳಬರು ಇಂದಿಗೂ, “ಅವತ್ತು ಎಷ್ಟ್ ಚೆನ್ನಾಗಿ ಹಾಡಿದ್ರಿ ಕಣ್ರೀ” ಎನ್ನುತ್ತಾರೆ.

ಅಜ್ಜಿಯ ಪದ ನನಗೆ ಪೂರ್ತಿ ಬರುತ್ತಿತ್ತು.