ಎಸ್ಟೋನಿಯನ್ ಪಾಠಕ್ಕೆ ಹೊರಟ ಬೆಳಿಗ್ಗೆ

ಅಕ್ಷರಾಭ್ಯಾಸ ಮಕ್ಕಳಿಗೆ ಮಾಡುವಂಥದ್ದು. ನನಗೆ ಐವತ್ತು ದಾಟಿತ್ತು. ಆದರೂ ಹೊಸ ಭಾಷೆ ಕಲಿಯುವಾಗ ದೇವರಿಗೆ ಹೇಳದೆ ಹೋಗುವುದು ಹೇಗೆ ಅಂತ ತಟ್ಟೆಯಲ್ಲಿ ಅಕ್ಕಿ ಹರವಿಕೊಂಡು, ನನ್ನ ಬೆರಳಿನಿಂದ ನಾನೇ ಓಂಕಾರ ಬರೆಯತೊಡಗಿದ್ದೆ. ಇನ್ನೂ ಮುಗಿದಿರಲಿಲ್ಲ, ನಮ್ಮ ಮನೆಯವರು ಬಂದು ತಟ್ಟೆಗೆ ಒದ್ದರು. ಅಕ್ಕಿ ಗೋಡೆಗೆಲ್ಲ ಸಿಡಿಯಿತು. ದೀಪ ಆರಲಿಲ್ಲ, ಅದೊಂದು ಪುಣ್ಯ.

ಅವರ ಸಿಟ್ಟು ಭಾಷೆಯ ಮೇಲಲ್ಲ, ಮಗಳ ಮೇಲೆ. ದೆಹಲಿಗೆ ಓದಲು ಬಂದಿದ್ದ ಎಸ್ಟೋನಿಯಾದ ಹುಡುಗನನ್ನು ಮದುವೆಯಾಗುತ್ತೇನೆ ಅಂದಾಗ ಇದೇ ಮಯೂರ್ ವಿಹಾರದ ಮನೆಯಲ್ಲಿ ಅವಳ ಕೆನ್ನೆಗೆ ಬಾರಿಸಿದ್ದರು. ಕಿವಿಯ ಓಲೆ ಹಾರಿ ಸಿಂಕಿನೊಳಗೆ ಬಿತ್ತು. ಅವಳು ತಲೆ ತಗ್ಗಿಸಿ ನಿಂತಳು, ಆಮೇಲೆ ಚೀಲ ತಗೊಂಡು ಹೊರಟೇಹೋದಳು. ಅಂದಿನಿಂದ ಯಾರಾದರೂ ವಿಚಾರಿಸಿದರೆ ಇವರದು ಒಂದೇ ಮಾತು: "ನಂಗೆ ಮಗಳಿಲ್ಲ."

ಈಗ ಆ ಇಲ್ಲದ ಮಗಳು ಬಸುರಿ, ಬಾಣಂತನಕ್ಕೆ ನನ್ನನ್ನು ಎಸ್ಟೋನಿಯಾಕ್ಕೆ ಕರೆದಿದ್ದಳು. ಅಲ್ಲಿಯ ಬೀಗಿತ್ತಿಗೆ ಇಂಗ್ಲಿಷ್ ಬಾರದು. ಇಬ್ಬರು ಮುದುಕಿಯರು ಒಂದು ಕೂಸನ್ನು ಮೂಕರಾಗಿ ಎರೆದು ಮಲಗಿಸುವುದಕ್ಕಾಗುತ್ತದೆಯೇ? ಅಷ್ಟರಲ್ಲಿ ದಕ್ಷಿಣ ದೆಹಲಿಯ ಒಂದು ಸಂಸ್ಥೆಯಲ್ಲಿ ಬೇಸಿಗೆಗೆಂದು ಆ ಭಾಷೆಯ ಕೋರ್ಸು ಶುರುವಾಗುವ ಸುದ್ದಿ ಸಿಕ್ಕಿತು. ಬೆಳಿಗ್ಗೆಯಿಂದ ಸಂಜೆವರೆಗೆ ಪಾಠ. ಸೇರಿಕೊಂಡೆ. ಆದರೆ ನನ್ನ ಪಾಸ್‌ಪೋರ್ಟು ಅವರ ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಅವರ ಜನಿವಾರದಲ್ಲಿ. ಕಲಿತು ಏನು ಕಿಸಿಯುತ್ತೀಯ, ಹೋಗುವುದು ಹೇಗೆ ನೋಡುತ್ತೇನೆ ಅಂತ ಹಂಗಿಸುತ್ತಿದ್ದರು.

ಅಕ್ಕಿ ಗುಡಿಸಿಟ್ಟು ಕೆಳಗಿಳಿದರೆ ಅವರೇ ಸ್ಕೂಟರ್ ಸ್ಟಾರ್ಟ್ ಮಾಡಿ ನಿಂತಿದ್ದರು. ಬಸ್ಸುಗಳು ದೆಹಲಿಯ ರಸ್ತೆಯಲ್ಲಿ ಜನರನ್ನು ಅರೆಯುತ್ತಿದ್ದ ಕಾಲ ಅದು.

"ಬಸ್ಸಿನಡಿ ಸಿಕ್ಕಿ ಸಾಯಬೇಡ. ಹತ್ತು."

ಯಮುನೆಯ ಸೇತುವೆ ಇಳಿದು ಸಿಗ್ನಲ್ಲಿನಲ್ಲಿ ನಿಲ್ಲುವಾಗ ನಮ್ಮ ಸ್ಕೂಟರಿನ ಕನ್ನಡಿ ಒಂದು ಬಿಳಿ ಕಾರಿಗೆ ಉಜ್ಜಿತು. ಉಗುರು ಗೀರಿದಷ್ಟು. ಕಾರಿನಿಂದ ಇಬ್ಬರು ತರುಣರು ಇಳಿದರು. ಒಬ್ಬ ಇವರ ಹೆಲ್ಮೆಟ್ ಕಿತ್ತು, "ಅಂಕಲ್, ಆಂಖೇಂ ಘರ್ ಛೋಡ್ ಆಯೇ ಕ್ಯಾ?" ಅಂದ. ಕಣ್ಣು ಮನೆಯಲ್ಲಿ ಬಿಟ್ಟು ಬಂದೆಯಾ ಅಂತ. ಇವರು ಅವನ ಕಪಾಳಕ್ಕೆ ಬಿಟ್ಟರು.

ಹೊಡೆಸಿಕೊಂಡವರು ತಲೆ ತಗ್ಗಿಸುತ್ತಾರೆ ಅನ್ನುವುದು ಮನೆಯ ರೂಢಿ. ರಸ್ತೆಯಲ್ಲಿ ಹಾಗಿಲ್ಲ. ಇನ್ನೊಬ್ಬ ಡಿಕ್ಕಿಯಿಂದ ಕಬ್ಬಿಣದ ರಾಡು ತೆಗೆದ. ಮೊದಲ ಏಟು ತಲೆಗೆ, ತಡೆಯಲು ಎತ್ತಿದ ಬಲಗೈಗೆ ಎರಡನೆಯದು. ಕೈಯೊಳಗೆ ಏನೋ ಲಟಕ್ಕೆಂದದ್ದು ನನಗೂ ಕೇಳಿಸಿತು. ಕೆಳಗೆ ಬಿದ್ದವರ ಪಕ್ಕೆಗೆ ಬೂಟಿನಲ್ಲಿ ಒದ್ದರು. ನಾನು ಅವರ ಮೇಲೆ ಕವುಚಿ ಬಿದ್ದೆ. ನನ್ನ ಬೆನ್ನಿಗೂ ಒಂದು ಬಿತ್ತು. ಆಫೀಸಿಗೆ ಹೊರಟ ಗಾಡಿಗಳೆಲ್ಲ ಹಾರ್ನ್ ಹೊಡೆದುಕೊಂಡು ನಮ್ಮನ್ನು ಬಳಸಿಕೊಂಡು ಹೋದವು. ನರಸಿಂಹಾ, ನರಸಿಂಹಾ ಅಂತಿದ್ದೆ. ಬಾಯಿಗೆಲ್ಲ ಅವರ ರಕ್ತದ ಉಪ್ಪು.

ಕಂಬ ಒಡೆದು ಯಾರೂ ಬರಲಿಲ್ಲ. ಸಿಗ್ನಲ್ಲಿನಲ್ಲಿ ತೆಂಗಿನಕಾಯಿ ಹೋಳು ಮಾರುವ ಭಯ್ಯಾ ಬಂದ, ಕೈಯಲ್ಲಿ ಕಾಯಿ ಒಡೆಯುವ ಮಚ್ಚು. ನಮ್ಮ ತಲೆಯ ಹತ್ತಿರ ಬಂದು ನಿಂತ, ಅಷ್ಟೇ. ಆ ತರುಣರು ಸ್ಕೂಟರಿಗೆ ಒದ್ದು ಉರುಳಿಸಿ ಕಾರು ಹತ್ತಿದರು. ನನಗೆ ದೇವರು ಕಂಡದ್ದು ಅದೊಂದು ಸಲ.

ಹತ್ತಿರದ ಕ್ಲಿನಿಕ್ಕಿನಲ್ಲಿ ಅವರ ತಲೆಗೆ ಹೊಲಿಗೆ ಹಾಕಿ, ಕೈಗೆ ಪಟ್ಟಿ ಕಟ್ಟಿದರು. ಕಣ್ಣು ಉಳಿಯಿತು, ಹಲ್ಲು ಉಳಿಯಿತು, ನನ್ನ ತಾಳಿ ಉಳಿಯಿತು. ಮನೆಗೆ ಹೋಗೋಣ ಅಂದರು. ನಾನು ಆಟೋದವನಿಗೆ ಸಂಸ್ಥೆಯ ವಿಳಾಸ ಹೇಳಿದೆ. ನನ್ನ ಮುಖ ನೋಡಿದರು. ಜಗಳ ಮಾಡುವ ಶಕ್ತಿ ಅವರಲ್ಲಿರಲಿಲ್ಲ.

ಪಾಠ ಅರ್ಧ ಆಗಿಹೋಗಿತ್ತು. ಕಲಿಸುವಾಕೆ ಆ ದೇಶದವಳೇ, ನಮ್ಮ ಮಗಳಿಗಿಂತ ತುಸು ದೊಡ್ಡವಳು. ರಕ್ತ ಮೆತ್ತಿದ ನನ್ನ ಸೀರೆ ನೋಡಿ ಗಾಬರಿಯಾದಳು, ನೀರು ತರಿಸಿದಳು, ಇವರನ್ನು ಕಿಟಕಿಯ ಪಕ್ಕ ಕೂರಿಸಿದಳು. ಮನೆಮಂದಿಯ ಪಾಠ ನಡೆದಿತ್ತು. ಒಬ್ಬೊಬ್ಬರೂ ತಮಗೆ ಯಾರಿದ್ದಾರೆ ಹೇಳಬೇಕು. ನನ್ನ ಸರದಿ ಬಂದಾಗ ಅವಳು ಹೇಳಿಕೊಟ್ಟ ಹಾಗೆ ಹೇಳಿದೆ: "ಮುಲ್ ಒನ್ ತ್ಯುತ್ತರ್." ನನಗೊಬ್ಬಳು ಮಗಳಿದ್ದಾಳೆ.

ಆಕೆ ಇವರ ಕಡೆಗೂ ತಿರುಗಿದಳು. ಇವರು ವಿದ್ಯಾರ್ಥಿಯಲ್ಲ ಅನ್ನಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಎದ್ದು ನಿಂತರು. ತುಟಿ ಊದಿತ್ತು. ತಡವರಿಸಿಕೊಂಡು, ನೆಲ ನೋಡಿಕೊಂಡು ಅಂದರು:

"ಮುಲ್ ಒನ್ ತ್ಯುತ್ತರ್."

ತಲೆ ತಗ್ಗಿಸಿಯೇ ಕೂತರು. ಆಕೆ ಭೇಷ್ ಅಂದು ಮುಂದಿನವರ ಹತ್ತಿರ ಹೋದಳು.

ಮನೆಗೆ ಬಂದು ಅಂಗಿ ಬಿಚ್ಚಿಸಿದೆ, ಜನಿವಾರದವರೆಗೂ ರಕ್ತ ಇಳಿದು ಒಣಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಬೀಗದ ಕೈ ನನ್ನ ಬೆರಳಿಗೆ ತಾಗಿತು. ನಾನು ಅದನ್ನು ಬಿಟ್ಟು ಸುತ್ತಲೂ ಒರೆಸಿದೆ.

"ಬಿಚ್ಚಿಕೋ," ಅಂದರು. "ನನ್ನ ಕೈಲಿ ಆಗಲ್ಲ."