ಜೇಬಕ್ಕ ಒಗೆದ ಮೆಮೊರಿ ಕಾರ್ಡು

ನಮ್ಮ ಬೀದಿ ಮೂಲೆಯ ಲಾಂಡ್ರಿಯ ಒಡತಿಗೆ ಹೆತ್ತವರು ಇಟ್ಟ ಹೆಸರು ಈಗ ಆಕೆಗೇ ನೆನಪಿಲ್ಲ. ಮೂವತ್ತು ವರ್ಷ ಊರಿನವರ ಜೇಬು ತಡಕಿ ತಡಕಿ ಜೇಬಕ್ಕ ಆಗಿಬಿಟ್ಟಿದ್ದಾಳೆ. ಆಕೆಯ ಇಸ್ತ್ರಿಪೆಟ್ಟಿಗೆಯ ಕಾವಿಗೆ ಎದುರುಮನೆಯ ತಾತನ ಹಣೆಯ ಸುಕ್ಕು ಮಾಯವಾದದ್ದನ್ನು ನಾನೇ ಕಂಡಿದ್ದೇನೆ.

ಮೊದಲೆಲ್ಲ ಜೇಬಿನಲ್ಲಿ ಬಸ್ ಟಿಕೆಟ್ಟು, ಬೀಗದ ಕೈ ಸಿಗುತ್ತಿದ್ದವು. ಈಗ ಸಿಗುವುದು ಪೆನ್‌ಡ್ರೈವು, ಮೆಮೊರಿ ಕಾರ್ಡು. ಕಣ್ತಪ್ಪಿ ಒಗೆದುಹೋದವನ್ನು ಒಣಗಿಸಿ, ಪಕ್ಕದಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ತಮ್ಮನಿಂದ ಪರೀಕ್ಷೆ ಮಾಡಿಸಿ, ಜೇಬಕ್ಕ ತೀರ್ಪು ಕೊಡುತ್ತಿದ್ದಳು. ಪೆನ್‌ಡ್ರೈವು ಎಮ್ಮೆಯ ಜಾತಿ, ನೀರೆಂದರೆ ಹಾಯಾಗಿರುತ್ತದೆ. ಕ್ಯಾಮೆರಾದ ಅಗಲ ಕಾರ್ಡು ಒಂದೆರಡು ಒಗೆತ ತಾಳುತ್ತದೆ. ಫೋನಿನ ಉಗುರುಗಾತ್ರದ ಕಾರ್ಡು ಹುಟ್ಟಾ ಬಡಕಲು, ಸೋಪಿನ ವಾಸನೆಗೇ ಪ್ರಾಣ ಬಿಡುತ್ತದೆ. ನಿಜ ಹೇಳಬೇಕೆಂದರೆ ಆ ಪುಟ್ಟ ಕಾರ್ಡುಗಳೆಲ್ಲ ಒಗೆದ ನೀರಿನೊಡನೆ ಜಾರಿ ಮೋರಿ ಪಾಲಾಗುತ್ತಿದ್ದವು. ಕೈಗೆ ಸಿಗದವನ್ನು ಆಕೆ ಸತ್ತವೆಂದೇ ಬಗೆದಿದ್ದಳು. ಹಾರ್ಡ್ ಡಿಸ್ಕಿಗೆ ಮಾತ್ರ ಹಿರಿಯಣ್ಣನ ಮರ್ಯಾದೆ. ಗಾತ್ರವೆಂದರೆ ಗಾತ್ರ!

ಒಂದು ಬೆಳಿಗ್ಗೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಓಡಿಬಂದರು. ಹಿಂದಿನ ದಿನ ಒಗೆಯಲು ಕೊಟ್ಟ ಅಂಗಿಯಲ್ಲಿ ಫೋನಿನ ಕಾರ್ಡು ಇತ್ತಂತೆ. ತೀರಿಹೋದ ಹೆಂಡತಿಯ ದನಿ ಇರುವುದು ಅದರಲ್ಲಿ ಮಾತ್ರ, ಎರಡೇ ನಿಮಿಷ.

"ಎಲ್ಲಾ ಜೇಬೂ ನೋಡಿದೀನಿ ಮೇಷ್ಟ್ರೇ. ಇರಲಿಲ್ಲ."

"ಒಳಜೇಬು ನೋಡಿದ್ಯೇನಮ್ಮ? ಅವಳೇ ಹೊಲಿದುಕೊಟ್ಟಿದ್ದು."

ಜೇಬಕ್ಕನ ಮುಖ ಸಪ್ಪಗಾಯಿತು. ಮೂವತ್ತು ವರ್ಷದಲ್ಲಿ ತನ್ನ ಕೈಯಿಂದ ತಪ್ಪಿಸಿಕೊಂಡ ಜೇಬೇ? ಹಾರ್ಡ್ ಡಿಸ್ಕಿನಲ್ಲೂ ಒಂದು ಪ್ರತಿ ಇಡಬಾರದಿತ್ತೇ ಎಂದು ಕೇಳಿದಳು. ಇಟ್ಟಿದ್ದರಂತೆ. ಅದು ಮೊಣಕಾಲೆತ್ತರದ ಮಂಚದಿಂದ ಬಿದ್ದು, ಅಂದಿನಿಂದ ಬರೀ ಕಟಕಟ ಅನ್ನುತ್ತದಂತೆ.

"ಅಷ್ಟು ದೊಡ್ಡ ದೇಹ ಇಟ್ಕೊಂಡು, ಮಂಚದಿಂದ ಬಿದ್ದಿದ್ದಕ್ಕೆ ಹೋಯ್ತಾ?" ಎಂದಳು ಜೇಬಕ್ಕ.

ಅಂಗಿ ಇನ್ನೂ ಹಗ್ಗದ ಮೇಲಿತ್ತು. ಸದ್ಯ, ಇಸ್ತ್ರಿ ಆಗಿರಲಿಲ್ಲ. ಒಳಜೇಬಿನ ಮೂಲೆಯಲ್ಲಿ ಕಾರ್ಡು ಅಂಟಿಕೊಂಡಿತ್ತು. ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ಮೂರು ದಿನ ಗಾಳಿಗೆ ಒಣಗಿಸಿದರು. ಮೇಷ್ಟ್ರು ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಆ ಮೂರು ದಿನ ಅವರು ರೆಪ್ಪೆ ಬಡಿದದ್ದು ನಾಲ್ಕೇ ಸಲ.

ನಾಲ್ಕನೆಯ ದಿನ ಜೇಬಕ್ಕನ ತಮ್ಮ ಆ ಕಾರ್ಡನ್ನು ಫೋನಿಗೆ ತೂರಿಸಿದ. ಆಮೇಲೆ ಒಂದು ದನಿ ಲಾಂಡ್ರಿಯ ತುಂಬ ಗದರಿತು:

"ರೀ, ನಲ್ಲಿ ಯಾಕೆ ಬಿಟ್ಟಿದೀರಿ? ಕನ್ನಡಕ ಹಣೆ ಮೇಲಿದೆ, ಊರೆಲ್ಲಾ ಹುಡುಕ್ಬೇಡಿ. ಒಗೆಯೋಕೆ ಹಾಕೋ ಮುಂಚೆ ಒಳಜೇಬು ನೋಡಿ ಅಂತ ಎಷ್ಟು ಸಲ ಹೇಳ್ಲಿ?"

ಎರಡು ನಿಮಿಷವೂ ಬೈಗುಳವೇ. ಮೇಷ್ಟ್ರು ಮೂರು ಸಲ ಹಾಕಿಸಿಕೊಂಡು ಕೇಳಿ, ಕಣ್ಣೊರೆಸಿಕೊಂಡು ನಕ್ಕರು. ಜೇಬಕ್ಕ ಅಂದೇ ತೀರ್ಪು ತಿದ್ದಿ ಬಡಕಲನನ್ನು ಪೈಲ್ವಾನನ ಪಟ್ಟಕ್ಕೇರಿಸಿದಳು. ಆದರೂ ಪೆನ್‌ಡ್ರೈವಿಗೊಂದು ಪ್ರತಿ ಹಾಕಿಸಿ ಮೇಷ್ಟ್ರ ಕೈಗಿತ್ತಳು.

ಮುಂದಿನ ವಾರ ಮೇಷ್ಟ್ರ ಅಂಗಿ ಬಂತು. ಆಕೆ ಮೊದಲು ಕೈ ಹಾಕಿದ್ದೇ ಒಳಜೇಬಿಗೆ. ಅಲ್ಲೇ ಬೆಚ್ಚಗೆ ಕೂತಿತ್ತು ಪೆನ್‌ಡ್ರೈವು. ನೆಟ್ಟಗೆ ಅವರ ಮನೆಗೆ ಹೋಗಿ ಬಾಗಿಲು ತಟ್ಟಿದಳು.

"ಏನ್ ಮೇಷ್ಟ್ರೇ, ಮನೆಯವರು ಅಷ್ಟು ಹೇಳಿದ್ರೂ ಕೇಳಲ್ವಲ್ಲ ನೀವು."