ಹುಳ ಇರುವಾಗ ಹಚ್ಚದ ಎಣ್ಣೆ

ನೀಲಗಿರಿ ಎಣ್ಣೆಯ ಮುಚ್ಚಳ ತಿರುಗಿಸಿದ ಕೂಡಲೇ ಎದುರುಮನೆಯ ಪೆದ್ದಮ್ಮ ನೆನಪಾದಳು. ಹೋದ ವಾರ ಗ್ಯಾಸ್ ಸಿಲಿಂಡರ್ ಎತ್ತಲು ಬಗ್ಗಿದವನು ಬಗ್ಗಿದಂತೆಯೇ ಉಳಿದುಬಿಟ್ಟಿದ್ದೆ. ಕೋಲಾರದ ಡಾಕ್ಟರು ಬೆನ್ನಿನ ಸ್ನಾಯು ಹಿಡಿದಿದೆ, ಮೂಳೆಗೇನೂ ಆಗಿಲ್ಲ ಎಂದು ಉರಿಯೂತ ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ಊಟವಾದ ಮೇಲಷ್ಟೇ ನುಂಗಬೇಕು, ಕೆಲವೇ ದಿನ; ಶಾಖ ಕೊಡಬೇಕು, ಹಾಸಿಗೆಗೆ ಅಂಟಿಕೊಳ್ಳದೆ ಓಡಾಡಬೇಕು. ಎಣ್ಣೆ ಮಾತ್ರ ನಾನೇ ಕೊಂಡದ್ದು. ಅದು ಸ್ನಾಯುವನ್ನು ಗುಣಪಡಿಸುತ್ತದೆಂದು ನಾನು ನಂಬುವುದಿಲ್ಲ. ಚುರುಗುಟ್ಟಿ ನೋವನ್ನು ಮರೆಸುತ್ತದೆ, ಅಷ್ಟೇ. ಆದರೂ ಕೊಂಡೆ.

ಕೂತರೂ ನಿಂತರೂ ಆಗದೆ, ಶ್ರೀನಿವಾಸಪುರದಲ್ಲಿರುವ ಅಕ್ಕನಿಗೆ ಫೋನು ಮಾಡಿ ಈ ವಾಸನೆಯ ವಿಷಯ ಹೇಳಿದೆ.

"ಪೆದ್ದಮ್ಮನಾ? ನೀಲಗಿರಿ ಎಣ್ಣೇನಾ? ಲೇ, ನಿಂಗೆ ಸೊಂಟ ಹಿಡ್ದಿದೆಯೋ ತಲೆ ಹಿಡ್ದಿದೆಯೋ? ಆ ವಾಸ್ನೇನ ಹೊಸಲು ದಾಟೋಕ್ ಬಿಡ್ತಿದ್ಲಾ ಅವ್ಳು?"

ಅಕ್ಕ ಹೇಳಿದ್ದು ಸರಿ. ಹೋಳೂರಿನ ನಮ್ಮ ಇದೇ ಬೀದಿಯಲ್ಲಿ ಪೆದ್ದಮ್ಮ ರೇಷ್ಮೆಹುಳ ಸಾಕುತ್ತಿದ್ದಳು. ನಮಗೆ ಬಂಧುವೇನಲ್ಲ, ಅವರ ಮನೆಮಾತು ತೆಲುಗಾದ್ದರಿಂದ ದೊಡ್ಡಮ್ಮ ಎನ್ನುವ ಬದಲು ಬೀದಿಯೆಲ್ಲ ಹಾಗೆ ಕರೆಯುತ್ತಿತ್ತು. ಎಣ್ಣೆ, ಮುಲಾಮು, ಕರ್ಪೂರ, ಹೊಗೆಸೊಪ್ಪು... ಘಾಟು ತಾಗಿದರೆ ಹುಳ ಸೊಪ್ಪು ತಿನ್ನುವುದನ್ನು ಬಿಡುತ್ತವೆ ಎಂಬುದು ಅವಳ ಮಾತು. ಅವಳ ಮನೆಯಲ್ಲಿ ಹುಳ ಇದ್ದಷ್ಟು ದಿನ ನಾವು ನೆಗಡಿಗೆ ಮುಲಾಮು ಹಚ್ಚಬೇಕಾದರೂ ಬೀದಿ ಕಿಟಕಿ ಮುಚ್ಚುತ್ತಿದ್ದೆವು. ಹಾಗಿದ್ದಮೇಲೆ ಈ ವಾಸನೆ ಅವಳದ್ದು ಹೇಗಾದೀತು? ಸಾಕ್ಷಿ ಇಲ್ಲದ್ದನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಆದರೆ ಮೂಗೇ ಸಾಕ್ಷಿ ಹೇಳಲು ಎದ್ದು ನಿಂತರೆ...

ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಡುಮನೆಯಲ್ಲಿ ಹಿಂದೆ ಮುಂದೆ ನಡೆದೆ. ಆಗ ಆ ಬೇಸಿಗೆ ಸ್ವಲ್ಪ ಸ್ವಲ್ಪವಾಗಿ ಬಂತು.

ಎಂ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಬಂದಿದ್ದೆ. ಪೆದ್ದಮ್ಮನ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಹುಳ ಪೊರೆ ಬಿಡುವುದಕ್ಕೆ ಸಾಕುವವರು ಜ್ವರ ಅನ್ನುತ್ತಾರೆ. ಕೊನೆಯ ಜ್ವರ ಬಿಟ್ಟ ಮೇಲೆ ಗೂಡು ಕಟ್ಟುವವರೆಗೆ ಅವಕ್ಕೆ ಹಗಲಿಲ್ಲ, ರಾತ್ರಿಯಿಲ್ಲ, ಸೊಪ್ಪು ತಿನ್ನುವುದೊಂದೇ. ಒಳಗೆ ಯಾರೋ ಕಾಗದ ಹರಿಯುತ್ತಲೇ ಇದ್ದಾರೇನೋ ಎಂಬಂಥ ಸದ್ದು. ಅದೇ ಹೊತ್ತಿಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುವಾಗ ಅವಳ ಬೆನ್ನು ಹಿಡಿಯಿತು. ಮಲಗಿದರೆ ಹುಳಕ್ಕೆ ಸೊಪ್ಪಿಲ್ಲ. ಎಣ್ಣೆ ಹಚ್ಚುವಂತಿಲ್ಲ. ಉಳಿದದ್ದು ಈಗ ನಾನು ನುಂಗುತ್ತಿರುವಂಥದೇ ಮಾತ್ರೆ, ಮತ್ತೆ ಒಂದು ಮಾಲೂರು ಇಟ್ಟಿಗೆ. ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಹಳೆ ಸೀರೆಯಲ್ಲಿ ಸುತ್ತಿ ಸೊಸೆ ಅವಳ ಬೆನ್ನಿಗೆ ಒತ್ತುತ್ತಿದ್ದಳು.

"ಇಟ್ಟಿಗೆಗೆ ವಾಸ್ನೆ ಇಲ್ಲ ಕಣೋ," ಅನ್ನುತ್ತಿದ್ದಳು ಪೆದ್ದಮ್ಮ.

"ಹುಳಕ್ಕೆ ಮೂಗಿದ್ಯಾ ಪೆದ್ದಮ್ಮ? ತೋರ್ಸು ನೋಡೋಣ."

"ಓದ್ದೋನು ನೀನು, ನೀನೇ ಹುಡುಕು ನಾಯನಾ. ಅಲ್ಲೀಗಂಟ ಕೈ ತೊಳ್ಕೊಂಡು ದೂರ ನಿಂತ್ಕೋ."

ಆ ಮಾತ್ರೆ ಅವಳ ಹೊಟ್ಟೆಗೆ ಆಗಿಬರುತ್ತಿರಲಿಲ್ಲ. ಹಿಂದೊಮ್ಮೆ ಹೊಟ್ಟೆಯುರಿ ಬಂದಾಗಲೇ ಡಾಕ್ಟರು ಎಚ್ಚರಿಸಿದ್ದರು. ಉಂಡು ನುಂಗಿದ್ದೀಯಾ ಎಂದು ಕೇಳಿದರೆ, "ಅವು ತಿಂದ್ಮೇಲೆ ನಾನು" ಅಂದಳು.

"ಅವು ತಿನ್ನೋದು ನಿಲ್ಸೋದೇ ಇಲ್ವಲ್ಲ!"

"ಹೇಳು, ಹೇಳು," ಅಂದಳು ಸೊಸೆ. "ನಾನ್ ಹೇಳಿದ್ರೆ ಸೊಸೆ ಬಾಯಿ, ನೀನ್ ಹೇಳಿದ್ರೆ ಪಾಠ."

ಒಂದು ಮಧ್ಯಾಹ್ನ ಪೆದ್ದಮ್ಮ ಬಚ್ಚಲಲ್ಲಿ ಕುಸಿದು ಕೂತಿದ್ದಳು. ವಾಂತಿ ಕಾಫಿ ಗಸಿಯ ಹಾಗೆ ಕಪ್ಪಗಿತ್ತು. ಕೋಲಾರದ ಆಸ್ಪತ್ರೆಗೆ ಕರೆದೊಯ್ದೆವು. ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿದೆ, ಇನ್ನು ಆ ಜಾತಿಯ ಒಂದು ಮಾತ್ರೆಯನ್ನೂ ಮುಟ್ಟಕೂಡದು ಅಂದರು.

ಮನೆಗೆ ಬಂದ ದಿನ ಅವಳು ಹೊಸಲಿನಲ್ಲಿ ನಿಂತು ಹುಳ ನೋಡಿದಳು. ಬೆನ್ನು ಇನ್ನೂ ಹಿಡಿದೇ ಇತ್ತು. ಸೊಸೆ ಒಬ್ಬಳೇ ಸೊಪ್ಪು ಹೊತ್ತು ಬಾಡಿಹೋಗಿದ್ದಳು. "ಮೇಲಿನ ಬೀದಿಯೋರಿಗೆ ಕೊಟ್ಬಿಡು," ಅಂದಳು ಪೆದ್ದಮ್ಮ. ಅವರು ಬಂದು ಹುಳದ ತಟ್ಟೆಗಳನ್ನು ಹೊತ್ತುಕೊಂಡು ಹೋದರು. ಸದ್ದು ನಿಂತಿತು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮನೇಲಿ ನೀಲಗಿರಿ ಎಣ್ಣೆ ಇದ್ಯಲ್ಲ, ತಾ" ಅಂದಳು.

ಸೀಸೆ ಹಿಡಿದು ಬಂದವನು ಹೊಸಲಾಚೆಯೇ ನಿಂತೆ. ಹುಳಕ್ಕೆ ಮೂಗಿಲ್ಲ ಎಂದು ವಾದಿಸಿದ ನನಗೇ ಕಾಲು ಬರಲಿಲ್ಲ.

"ಬಾರೋ ಒಳಕ್ಕೆ."

ಸೊಸೆ ಎಣ್ಣೆ ತಿಕ್ಕತೊಡಗಿದಳು. ವಾಸನೆ ಏಳುತ್ತಿದ್ದಂತೆ ನನ್ನ ಕೈ ತಾನಾಗಿ ಕಿಟಕಿಗೆ ಹೋಯಿತು.

"ಯಾಕ್ಲಾ ಹಾಕ್ತೀಯ? ತೆಗಿ. ಇನ್ಯಾರ್ಗೆ ತೊಂದ್ರೆ?"

ಮುಖ ಗೋಡೆಯ ಕಡೆಗಿತ್ತು. ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತಳು ಎಂದು ಬರೆದರೆ ಅದು ನಾನು ಸೇರಿಸಿದ್ದಾಗುತ್ತದೆ...

ಅವಳು ಮತ್ತೆ ಹುಳ ಸಾಕಲಿಲ್ಲ. ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕಿದರು. ಬೆನ್ನು ನೆಟ್ಟಗಾಯಿತು, ಹೊಟ್ಟೆಯೂ ವಾಸಿಯಾಯಿತು. ಆದರೆ ಒಳಗೆ ಬರುವಾಗಲೆಲ್ಲ ಬಾಗಿಲಲ್ಲೇ ಕೈ ತೊಳೆಯುವುದನ್ನು ಅವಳು ಬಿಡಲಿಲ್ಲ. ಹೊಸಲು ದಾಟಿದ ಮೇಲೆ ಏನು ಮಾಡಬೇಕೆಂದು ತೋಚದವಳಂತೆ ಒದ್ದೆ ಕೈಯಲ್ಲೇ ಒಂದು ಗಳಿಗೆ ನಿಲ್ಲುತ್ತಿದ್ದಳು. ಅಕ್ಕ ಮದುವೆಯಾಗಿ ಹೋದದ್ದು ಇದಕ್ಕೆಲ್ಲ ಮೊದಲು. ಅವಳಿಗೆ ಗೊತ್ತಿರುವುದು ಹುಳ ಇದ್ದ ಪೆದ್ದಮ್ಮ. ಇಬ್ಬರ ನೆನಪೂ ಸರಿಯಿರಬೇಕು.

ಪೆದ್ದಮ್ಮ ತೀರಿಕೊಂಡು ವರ್ಷಗಳಾದವು. ಇವತ್ತು ಊಟ ಮಾಡಿ ಮಾತ್ರೆ ನುಂಗಿದೆ. ಮತ್ತೆ ಎಣ್ಣೆಯ ಮುಚ್ಚಳ ತೆಗೆಯುವ ಮೊದಲು, ಯಾಕೆಂದು ಕೇಳಿಕೊಳ್ಳುವಷ್ಟರಲ್ಲಿ, ಎದ್ದು ಹೋಗಿ ಬೀದಿ ಕಿಟಕಿ ಹಾಕಿದ್ದೆ. ಚಿಲಕದ ಮೇಲೆ ಕೈಯಿಟ್ಟುಕೊಂಡೇ ಸ್ವಲ್ಪ ಹೊತ್ತು ನಿಂತೆ. ಎದುರುಮನೆಯಲ್ಲಿ ಹುಳವಿಲ್ಲ. ತೆಗಿ ಅನ್ನುವವಳೂ ಇಲ್ಲ.